ಆಟಿಸಂ ಮಕ್ಕಳು: ತರಬೇತಿ ಸಭಾಂಗಣದಿಂದ ತರಗತಿಗೆ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಶಾಲೆ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಹುಬ್ಬಳ್ಳಿ–ಧಾರವಾಡದ ಶಾಲೆಗಳಿಂದ ಪ್ರತಿ ವರ್ಷ ಒಂದೇ ಬಗೆಯ ಮಾತು ಕೇಳಿಬರುತ್ತದೆ. “ಈ ಹುಡುಗ ಕುಂತಲ್ಲಿ ಕೂಡಂಗಿಲ್ಲ, ಹೆಸರು ಹಿಡಿದು ಕರದ್ರ ತಿರುಗಿ ನೋಡಂಗಿಲ್ಲ, ಗಂಟಿ ಹೊಡದ್ರ ಕಿವಿ ಮುಚ್ಕೊಂಡು ಚೀರ್ತಾನ. ಇವನ್ನ ಬ್ಯಾರೆ ಸಾಲಿಗೆ ಹಾಕ್ರಿ.” ಹೀಗೆ ಹೇಳುವ ಶಿಕ್ಷಕರಿಗೆ ಮಗುವಿನ ಮೇಲೆ ದ್ವೇಷವಿಲ್ಲ. ತುಂಬಿದ ತರಗತಿಯಲ್ಲಿ ಒಬ್ಬರೇ ನಿಂತು ಸೋತ ಮಾತದು. ಇಂಥ ಎಷ್ಟೋ ಮಕ್ಕಳಿಗೆ ಇರುವುದು ಆಟಿಸಂ, ಅಂದರೆ ಬೆರೆಯುವ, ಮಾತಾಡುವ, ಸದ್ದು–ಬದಲಾವಣೆ ತಡೆದುಕೊಳ್ಳುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ. ಅದೇನೆಂದು ಅವರಿಗೆ ಭಾಷಣ ಮಾಡಿದವರು ಬಹಳ ಮಂದಿ. ನಾಳೆ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಬಂದಾಗ ಏನು ಮಾಡಬೇಕೆಂದು ಪಕ್ಕದಲ್ಲಿ ನಿಂತು ತೋರಿಸಿದವರು ತೀರ ಕಡಿಮೆ. ಈ ಪತ್ರ ಆ ಕೊರತೆಯ ಕುರಿತದ್ದು.

ಕಾಗದಪತ್ರಗಳಲ್ಲಿ ಸ್ವಲೀನತೆ ಎಂದು ಬರೆಯುವ ಆಟಿಸಂಗೆ ಶಾಲೆಯಲ್ಲಿ ಏನು ಫಲ ಕೊಡುತ್ತದೆ ಎಂಬುದು ಈಗ ಊಹೆಯ ವಿಷಯವಾಗಿ ಉಳಿದಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ತಂಡವೊಂದು 1990ರಿಂದ 2017ರವರೆಗಿನ ಅಧ್ಯಯನಗಳನ್ನು ಜಾಲಾಡಿ, ಸಾಕಷ್ಟು ಪುರಾವೆ ಇರುವ 28 ಪದ್ಧತಿಗಳನ್ನು 2020ರಲ್ಲಿ ಪಟ್ಟಿ ಮಾಡಿತು. ಅವುಗಳಲ್ಲಿ ಹೆಚ್ಚಿನವಕ್ಕೆ ದೊಡ್ಡ ಯಂತ್ರವಾಗಲಿ ಹವಾನಿಯಂತ್ರಿತ ಕೊಠಡಿಯಾಗಲಿ ಬೇಕಿಲ್ಲ. ರಟ್ಟು, ಚಿತ್ರ, ಪೆನ್ಸಿಲು, ತಾಳ್ಮೆ ಇದ್ದರೆ ನಮ್ಮ ಸರ್ಕಾರಿ ಶಾಲೆಯಲ್ಲೂ ಆಗುವಂಥವು. ಆದರೆ ಅವನ್ನು ಮಾಡುವ ರೀತಿಯಲ್ಲಿ ಸ್ವಲ್ಪ ತಪ್ಪಿದರೂ ಫಲ ಸಿಗುವುದಿಲ್ಲ. ಆಗ “ನಾವೂ ಮಾಡಿ ನೋಡಿದಿವ್ರಿ, ಏನೂ ಆಗಲಿಲ್ಲ” ಎಂಬ ಮಾತು ಬರುತ್ತದೆ. ಎಲ್ಲಿ ತಪ್ಪುತ್ತದೆ ಎಂಬುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲು ದಿನಚರಿಯ ಚಿತ್ರಪಟ್ಟಿ. ಮುಂದೆ ಏನಾಗುತ್ತದೆಂದು ತಿಳಿಯದೇ ಇರುವುದು ಈ ಮಕ್ಕಳಿಗೆ ಬಹಳ ದೊಡ್ಡ ಕಷ್ಟ. ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಚಿತ್ರ ಕಣ್ಣೆದುರು ನಿಂತಿರುತ್ತದೆ. ಮೂರು ಇಂಚು ಅಗಲದ ರಟ್ಟಿನ ಚೌಕಗಳಲ್ಲಿ ನಾಲ್ಕರಿಂದ ಆರು ಚಿತ್ರ ಸಾಕು: ಪ್ರಾರ್ಥನೆ, ಕನ್ನಡ, ಗಣಿತ, ಬಿಸಿಯೂಟ, ಆಟ, ಮನೆ. ಇಂಟರ್ನೆಟ್ಟಿನಿಂದ ಇಳಿಸಿದ ಕಾರ್ಟೂನಿಗಿಂತ ಅದೇ ಶಾಲೆಯ ನಳ, ಅದೇ ಶಾಲೆಯ ಊಟದ ತಾಟು, ಅದೇ ಗೇಟಿನ ಫೋಟೊ ಒಳ್ಳೆಯದು. ಫೋಟೊ ಕೂಡ ಅರ್ಥವಾಗದ ಮಗುವಿಗೆ ವಸ್ತುವನ್ನೇ ಕೊಡಬೇಕು: ಊಟಕ್ಕೆ ಚಮಚ, ಪಾಠಕ್ಕೆ ಪಾಟಿಯ ತುಂಡು, ಆಟಕ್ಕೆ ಚೆಂಡು. ಮೇಲಿನಿಂದ ಕೆಳಗೆ ಸಾಲಾಗಿ, ಮಗುವಿನ ಕಣ್ಣಿನ ಎತ್ತರಕ್ಕೆ, ಅದು ಕೂಡುವ ಜಾಗದ ಹತ್ತಿರ ಅಂಟಿಸಬೇಕು. ಚಪ್ಪಲಿಗೆ ಹಚ್ಚುವಂಥ ವೆಲ್ಕ್ರೋ ಪಟ್ಟಿ ಸಿಕ್ಕರೆ ಸರಿ, ಇಲ್ಲವಾದರೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿದರೂ ನಡೆಯುತ್ತದೆ. ಪಟ್ಟಿಯ ಕೆಳಗೆ ‘ಮುಗೀತು’ ಎಂದು ಬರೆದ ಒಂದು ಲಕೋಟೆ. ಒಂದು ತಾಸು ಮುಗಿದ ಕೂಡಲೇ ಮಗು ತನ್ನ ಕೈಯಿಂದ ಆ ಚಿತ್ರ ಕಿತ್ತು ಲಕೋಟೆಗೆ ಹಾಕಿ, ಮುಂದಿನದನ್ನು ನೋಡಬೇಕು.

ತಪ್ಪುವುದು ಇಲ್ಲೇ. ಅವಸರದಲ್ಲಿ ಅಕ್ಕೋರೇ ಚಿತ್ರ ಕಿತ್ತುಬಿಡುತ್ತಾರೆ, ಮಗುವಿಗೆ ಅದು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಅಥವಾ ಮಗು ಅಳಲು ಶುರುಮಾಡಿದ ಮೇಲೆ ಮಾತ್ರ ಪಟ್ಟಿಯ ನೆನಪಾಗುತ್ತದೆ, ಆಗ ಪಟ್ಟಿ ಕಂಡರೇ ಅಳು ಬರುವ ಹಾಗಾಗುತ್ತದೆ. ಇನ್ನೊಂದು, ಆಟದ ತಾಸು ರದ್ದಾದ ದಿನವೂ ಪಟ್ಟಿಯಲ್ಲಿ ಚೆಂಡಿನ ಚಿತ್ರ ಹಾಗೇ ಇರುವುದು. ಒಂದು ಸಲ ಸುಳ್ಳು ಹೇಳಿದ ಪಟ್ಟಿಯನ್ನು ಮಗು ಮತ್ತೆ ನಂಬುವುದು ಕಷ್ಟ. ಹಾಗಾಗಿ ‘ಬದಲಾವಣೆ’ ಎಂಬ ಬೇರೆ ಬಣ್ಣದ ಕಾರ್ಡೊಂದು ಬೇಕು. ಅದನ್ನು ಮೊದಲು ಸಿಹಿ ಸುದ್ದಿಯಿಂದ ಪರಿಚಯಿಸಬೇಕು: ಗಣಿತದ ಜಾಗದಲ್ಲಿ ಜೋಕಾಲಿ, ಬರೆಯುವ ಬದಲು ಬಣ್ಣ ಹಚ್ಚುವುದು. ಎಂಟು ಹತ್ತು ಸಲ ಒಳ್ಳೆಯ ಬದಲಾವಣೆ ಕಂಡ ಮೇಲೆ ಮಗು ಬೇಸರದ ಬದಲಾವಣೆಯನ್ನೂ ತಡೆದುಕೊಳ್ಳುತ್ತದೆ. ಇನ್ನು ಕೆಲವರು ಎರಡು ತಿಂಗಳಾದ ಮೇಲೆ “ಈಗ ಕಲಿತಾನಲ್ಲ” ಎಂದು ಪಟ್ಟಿ ತೆಗೆದುಬಿಡುತ್ತಾರೆ. ಅಕ್ಷರ ಚೆನ್ನಾಗಿ ಕಾಣುತ್ತಿದೆ ಎಂದು ಮಗುವಿನ ಚಾಳೀಸು ಕಸಿದುಕೊಂಡ ಹಾಗೆ ಅದು. ಪಟ್ಟಿಯ ರೂಪ ಬದಲಾಗಲಿ, ಚಿತ್ರ ಹೋಗಿ ಪದ ಬರಲಿ, ಗೋಡೆಯಿಂದ ನೋಟುಪುಸ್ತಕಕ್ಕೆ ಇಳಿಯಲಿ. ತೆಗೆಯುವುದು ಬೇಡ.

ನಮ್ಮ ರಾಜ್ಯದ ಶಿಕ್ಷಕರಿಗೆ ಇದು ಹೊಸದೇನಲ್ಲ ಎಂಬುದನ್ನೂ ಹೇಳಬೇಕು. ಚಟುವಟಿಕೆಯಿಂದ ಕಲಿಸುವ ನಲಿ–ಕಲಿಯ ಕಲಿಕಾ ಏಣಿ, ಚಿತ್ರದ ಗುರುತಿರುವ ಕಾರ್ಡುಗಳು, ಒಂದೊಂದೇ ಮೆಟ್ಟಿಲು ಹತ್ತುವ ಕ್ರಮ ಇವೆಲ್ಲ ಇದೇ ಜಾಡಿನವು. ಆ ಕೊಠಡಿಯ ಗದ್ದಲವೊಂದು ಮಾತ್ರ ಆಟಿಸಂ ಮಗುವಿಗೆ ಭಾರ. ಗುಂಪಿನ ತುದಿಯಲ್ಲಿ, ಬೆನ್ನಿಗೆ ಗೋಡೆ ಇರುವ ಹಾಗೆ ಕೂಡಿಸಿದರೆ ಅರ್ಧ ಭಾರ ಇಳಿಯುತ್ತದೆ.

ಎರಡನೆಯದು ನಾವು ಆಡುವ ಮಾತು. ಕನ್ನಡದಲ್ಲಿ ಬೇಡ ಎಂಬುದು ಮಾತಿನ ತುದಿಗೆ ಬರುತ್ತದೆ. “ಓಡಬ್ಯಾಡ” ಎಂದು ಕೂಗಿದಾಗ ಮಗುವಿನ ಕಿವಿಗೆ ಮೊದಲು ಬೀಳುವುದು ‘ಓಡ’. “ನಡಕೊಂತ ಬಾ” ಎಂದರೆ ಮಾಡಬೇಕಾದ್ದು ನೇರವಾಗಿ ತಿಳಿಯುತ್ತದೆ. “ಕೈ ಕಟ್ಟಿ ಕೂಡು” ಎಂದರೆ ಕೈ ಕಟ್ಟಲು ಹಗ್ಗ ಎಲ್ಲಿದೆ ಎಂದು ಹುಡುಕುವ ಮಗುವೂ ಇದೆ. “ಬಾಯಿ ಮುಚ್ಚು” ಎಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಮಗು ಉದ್ಧಟತನ ತೋರುತ್ತಿಲ್ಲ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದೆ. “ನಿನಗ ನೀರ ಬೇಕೇನು?” ಎಂಬ ನಮ್ಮ ಪ್ರಶ್ನೆಯನ್ನೇ ಮಗು ತಿರುಗಿಸಿ ಹೇಳಿದರೆ ಅದು ಅಣಕವಲ್ಲ. ಬಹಳ ಸಲ ಅದು ನೀರು ಕೇಳುವ ದಾರಿ. ಆಗ “ನೀರು ಬೇಕು” ಎಂದು ಮಗುವಿನ ಪರವಾಗಿ ಒಮ್ಮೆ ಹೇಳಿ, ನೀರು ಕೊಡಬೇಕು. ಪರೀಕ್ಷೆ ಮಾಡುತ್ತ ನಿಲ್ಲಬಾರದು.

ಸೂಚನೆ ಕೊಟ್ಟ ಮೇಲೆ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುವುದು ಇಡೀ ಕೆಲಸದಲ್ಲಿ ಅತಿ ಅಗ್ಗದ್ದು, ಅತಿ ಕಷ್ಟದ್ದೂ ಹೌದು. ಎರಡು ಸೆಕೆಂಡಿನಲ್ಲೇ ನಾವು ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳುತ್ತೇವೆ: “ಪುಸ್ತಕ ತಗಿ... ಅಲ್ಲ, ಚೀಲದಾಗಿಂದ ತಗಿ... ಕನ್ನಡದ್ದೋ ಪಾ.” ಮೊದಲ ವಾಕ್ಯವನ್ನು ಅರಗಿಸಿಕೊಳ್ಳುತ್ತಿದ್ದ ಮಗು ಈಗ ಮೂರು ವಾಕ್ಯಗಳ ನಡುವೆ ಸಿಕ್ಕಿಬೀಳುತ್ತದೆ. ಹತ್ತು ಎಣಿಸಿದ ಮೇಲೂ ಆಗದಿದ್ದರೆ ಅದೇ ಪದಗಳನ್ನೇ ಮತ್ತೊಮ್ಮೆ ಹೇಳಿ, ಚೀಲದ ಕಡೆ ಬೆರಳು ತೋರಿಸಬೇಕು.

ಜೊತೆಗೆ ಒಂದು ವಿನಂತಿ. ಉರ್ದು, ಮರಾಠಿ, ಕೊಂಕಣಿ, ಲಂಬಾಣಿ ಆಡುವ ಮನೆಗಳಿಗೆ “ಮನ್ಯಾಗ ಬರೇ ಕನ್ನಡ ಇಲ್ಲಾ ಇಂಗ್ಲಿಷ್ ಮಾತಾಡ್ರಿ” ಎಂದು ಯಾರೂ ಸಲಹೆ ಕೊಡಬಾರದು. ಎರಡು ಭಾಷೆಯಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ತಾಯಿಗೆ ಸರಾಗವಲ್ಲದ ಭಾಷೆ ಹೇರಿದರೆ ಮನೆಯ ಮಾತೇ ನಿಂತುಹೋಗುತ್ತದೆ.

ಮಾತು ಬಾರದ ಮಗುವಿಗೆ ಚಿತ್ರ ಕೊಟ್ಟು ಕೇಳುವುದನ್ನು ಕಲಿಸುವ ಪದ್ಧತಿ 1985ರಿಂದ ಬಳಕೆಯಲ್ಲಿದೆ. ಅದರ ಮೊದಲ ಹಂತಕ್ಕೆ ಇಬ್ಬರು ಬೇಕು ಎಂಬುದನ್ನು ಹೆಚ್ಚಿನ ಕಡೆ ಮರೆಯುತ್ತಾರೆ. ಒಬ್ಬರು ಎದುರಿಗೆ, ಅಂಗೈಯಲ್ಲಿ ಮಗುವಿಗೆ ಪ್ರಾಣವಾದ ತಿನಿಸು ಹಿಡಿದು, ಸುಮ್ಮನೆ ಕೂಡಬೇಕು. ಇನ್ನೊಬ್ಬರು ಮಗುವಿನ ಹಿಂದೆ. ಮಗು ತಿನಿಸಿಗೆ ಕೈ ಚಾಚಿದಾಗ ಹಿಂದಿನವರು ಆ ಕೈಯನ್ನು ಮೃದುವಾಗಿ ಹಿಡಿದು ಚಿತ್ರ ಎತ್ತಿಸಿ, ಎದುರಿನವರ ತೆರೆದ ಅಂಗೈಗೆ ಇಡಿಸಬೇಕು. ಆ ಕ್ಷಣವೇ “ಚುರುಮುರಿ!” ಎಂದು ಹೆಸರು ಹೇಳಿ ಒಂದು ಚಿಟಿಕೆ ಕೊಡಬೇಕು. ಹಿಡಿ ತುಂಬ ಕೊಟ್ಟರೆ ಎರಡನೆಯ ಸಲಕ್ಕೆ ಹಸಿವೇ ಇರುವುದಿಲ್ಲ. “ಏನು ಬೇಕು?” ಎಂದು ಈ ಹಂತದಲ್ಲಿ ಕೇಳಲೇಬಾರದು, ಕೇಳಿದರೆ ಮಗು ಮುಂದೆ ಯಾವಾಗಲೂ ನಮ್ಮ ಪ್ರಶ್ನೆ ಬರುವವರೆಗೆ ಕಾಯುತ್ತ ಕೂಡುತ್ತದೆ. ಮೊದಲ ಚಿತ್ರವೇ ಶೌಚಾಲಯದ್ದಾಗುವುದು ಇನ್ನೊಂದು ತಪ್ಪು. ನಮಗೆ ಅನುಕೂಲವಾದದ್ದರಿಂದ ಆರಂಭಿಸಬಾರದು, ಮಗುವಿಗೆ ಆಸೆಯಾದದ್ದರಿಂದ ಆರಂಭಿಸಬೇಕು. ಕಾರ್ಡುಗಳನ್ನು ಅಲ್ಮೇರಾದಲ್ಲಿಟ್ಟು ಬೀಗ ಹಾಕುವುದು, ಗಲಾಟೆ ಮಾಡಿದನೆಂದು ಕಸಿದುಕೊಳ್ಳುವುದು ಮಗುವಿನ ಬಾಯಿಗೆ ಬಟ್ಟೆ ತುರುಕಿದಂತೆ. ಚಿತ್ರ ಕೊಟ್ಟರೆ ಮಾತೇ ಬರಲಿಕ್ಕಿಲ್ಲ ಎಂಬ ಭಯವನ್ನು ತಂದೆ–ತಾಯಿ ಬಿಡಬಹುದು. ಚಿತ್ರ ಮಾತನ್ನು ತಡೆಯುವುದು ಅಧ್ಯಯನಗಳಲ್ಲಿ ಕಂಡಿಲ್ಲ, ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದ್ದೂ ಇದೆ.

ಶಾಲೆಗಳು ಕೈಚೆಲ್ಲುವುದು ಹೆಚ್ಚಾಗಿ ವರ್ತನೆಯ ವಿಷಯದಲ್ಲಿ. ಗಣಿತದ ತಾಸಿನಲ್ಲಿ ಪಾಟಿ ಎಸೆಯುವ ಮಗುವನ್ನೇ ತೆಗೆದುಕೊಳ್ಳಿ. ಎಸೆದಾಗಲೆಲ್ಲ ಮಗುವನ್ನು ಹೊರಗೆ ನಿಲ್ಲಿಸುತ್ತಾರೆ. ಮಗುವಿಗೆ ಬೇಕಾಗಿದ್ದದ್ದು ಗಣಿತದಿಂದ ಬಿಡುಗಡೆ, ಅದು ಸಿಕ್ಕಿತು. ನಾವು ಶಿಕ್ಷೆ ಎಂದುಕೊಂಡದ್ದು ಅದಕ್ಕೆ ಬಹುಮಾನವಾಯಿತು, ನಾಳೆ ಪಾಟಿ ಇನ್ನೂ ಬೇಗ ಹಾರುತ್ತದೆ. ಇದನ್ನು ಪತ್ತೆ ಹಚ್ಚಲು ಒಂದು ನೋಟುಪುಸ್ತಕ ಸಾಕು. ನಾಲ್ಕು ಖಾನೆ ಹಾಕಿ: ಹೊತ್ತು, ಅದಕ್ಕೆ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ನಾವು ಏನು ಮಾಡಿದೆವು. ಹತ್ತು ಶಾಲಾ ದಿನ ಬರೆಯಿರಿ. ‘ಸಿಟ್ಟು ಬಂತು’, ‘ಹಟ ಮಾಡಿದ’ ಎಂದು ಬರೆಯಬಾರದು, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕು: ‘ಹತ್ತು ಲೆಕ್ಕ ಹಲಗೆಯ ಮೇಲೆ ಬರೆದೆ, ಪಾಟಿ ಎಸೆದ, ಹೊರಗೆ ಕಳಿಸಿದೆ.’ ಹತ್ತು ದಿನಕ್ಕೆ ಗೆರೆಗಳು ತಾವೇ ಮಾತಾಡುತ್ತವೆ. ಕಾರಣ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು: ಕೆಲಸದಿಂದ ತಪ್ಪಿಸಿಕೊಳ್ಳುವುದು, ಯಾರದಾದರೂ ಗಮನ, ಒಂದು ವಸ್ತು, ಅಥವಾ ದೇಹಕ್ಕೆ ಸಿಗುವ ಅನುಭವ.

ತಪ್ಪಿಸಿಕೊಳ್ಳಲಿಕ್ಕೇ ಆದರೆ ‘ಸ್ವಲ್ಪ ಬಿಡುವು’ ಎಂಬ ಕಾರ್ಡು ಕೊಟ್ಟು, ಪಾಟಿ ಎತ್ತುವ ಮೊದಲೇ ಅದನ್ನು ಕೊಡುವುದು ಕಲಿಸಬೇಕು. ಮೊದಲ ವಾರ ಕಾರ್ಡು ಬಂದಾಗಲೆಲ್ಲ, ದಿನಕ್ಕೆ ಇಪ್ಪತ್ತು ಸಲ ಬಂದರೂ, ಎರಡು ಮೂರು ನಿಮಿಷದ ಬಿಡುವು ಕೊಡಲೇಬೇಕು. ಇಲ್ಲಿ ಜಿಪುಣತನ ಮಾಡಿದರೆ ಮಗು ಮತ್ತೆ ಪಾಟಿಗೇ ಮರಳುತ್ತದೆ, ಏಕೆಂದರೆ ಪಾಟಿ ಎಂದೂ ಸೋತಿಲ್ಲ. ಕಾರ್ಡು ರೂಢಿಯಾದ ಮೇಲೆ “ಇನ್ನ ಒಂದ ಲೆಕ್ಕ, ಆಮ್ಯಾಲ ಬಿಡುವು” ಎಂದು ಸ್ವಲ್ಪ ಸ್ವಲ್ಪವೇ ಮುಂದೂಡಬಹುದು. ಹತ್ತು ಲೆಕ್ಕವನ್ನು ಮೂರಕ್ಕೆ ಇಳಿಸುವುದೂ ಇದರ ಭಾಗವೇ. ಹಳೆಯ ವರ್ತನೆಗೆ ಫಲ ಸಿಗದಂತೆ ಮಾಡಿದಾಗ ಅದು ಕೆಲವು ದಿನ ಮೊದಲಿಗಿಂತ ಜೋರಾಗುತ್ತದೆ. ಇದು ಗೊತ್ತಿಲ್ಲದ ಶಾಲೆ ಆ ಜೋರಿನ ನಡುವೆಯೇ ಸೋತು ಬಿಟ್ಟುಕೊಡುತ್ತದೆ, ಆಗ ‘ಇನ್ನೂ ಜೋರು ಮಾಡಿದರೆ ಸಿಗುತ್ತದೆ’ ಎಂಬುದನ್ನೇ ಮಗುವಿಗೆ ಕಲಿಸಿದಂತಾಗುತ್ತದೆ.

ಇದ್ದಕ್ಕಿದ್ದಂತೆ ವರ್ತನೆ ಕೆಟ್ಟರೆ ಖಾನೆ ಹಾಕುವ ಮೊದಲು ದೇಹ ನೋಡಬೇಕು. ಹಲ್ಲುನೋವು, ಕಿವಿನೋವು, ಮಲಬದ್ಧತೆ, ನಿದ್ದೆಗೇಡು ಇವನ್ನು ಹೇಳಿಕೊಳ್ಳಲಾಗದ ಮಗು ತಲೆ ಚಚ್ಚಿಕೊಳ್ಳುತ್ತದೆ. ಫಿಟ್ಸ್ ಕೂಡ ಆಟಿಸಂ ಇರುವವರಲ್ಲಿ ಬೇರೆಯವರಿಗಿಂತ ಹೆಚ್ಚು. ಮಗು ಪೂರ್ತಿ ತಾಳತಪ್ಪಿ ಚೀರುತ್ತಿರುವಾಗ ಅದು ಪಾಠದ ಹೊತ್ತಲ್ಲ. ಮಾತು ಕಡಿಮೆ ಮಾಡಿ, ಸುತ್ತ ನಿಂತವರನ್ನು ಕಳಿಸಿ, ಫ್ಯಾನು–ಮೈಕು ನಿಲ್ಲಿಸಿ, ಪೆಟ್ಟಾಗದಂತೆ ನೋಡಿಕೊಂಡು ಕಾಯಬೇಕು. ಹೊಡೆತ ಯಾವ ಮಗುವಿಗೂ ಇಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಅದನ್ನು ನಿಷೇಧಿಸಿದೆ. ಕೈ ಬೀಸುವುದು, ಓಲಾಡುವುದು ಯಾರಿಗೂ ಪೆಟ್ಟು ಮಾಡದಿದ್ದರೆ ಬಿಟ್ಟುಬಿಡಿ. “ಕಣ್ಣಾಗ ಕಣ್ಣಿಟ್ಟು ನೋಡು” ಎಂದು ಗದ್ದ ಎತ್ತುವುದನ್ನೂ ಬಿಡಿ. ಬೇರೆ ಕಡೆ ನೋಡುತ್ತಲೇ ಚೆನ್ನಾಗಿ ಕೇಳಿಸಿಕೊಳ್ಳುವ ಮಕ್ಕಳಿದ್ದಾರೆ.

ಬಿಸಿಯೂಟದ ಹೊತ್ತನ್ನು ಯಾರೂ ಗಮನಿಸುವುದಿಲ್ಲ, ಗಲಾಟೆ ಹುಟ್ಟುವುದು ಬಹಳ ಸಲ ಅಲ್ಲೇ. ತಾಟಿನ ಸದ್ದು, ಸೌಟಿನ ಸದ್ದು, ಮೊಟ್ಟೆಯ ವಾಸನೆ, ಮೈಗೆ ಮೈ ತಾಗುವ ಸಾಲು. ಐದು ನಿಮಿಷ ಮೊದಲೇ ಕೈ ತೊಳೆಯಲು ಕಳಿಸಿ, ಸಾಲಿನ ತುದಿಯಲ್ಲಿ ಕೂಡಿಸಿ, ಅನ್ನ–ಸಾರು ಕಲಸದೆ ಬೇರೆ ಬೇರೆ ಬಡಿಸಬೇಕು. ಒತ್ತಾಯದಿಂದ ಬಾಯಿಗೆ ತುರುಕಿದ ಪದಾರ್ಥವನ್ನು ಮಗು ಮುಂದೆಂದೂ ಮುಟ್ಟದೇ ಹೋಗಬಹುದು.

ಕೈ ತೊಳೆಯುವುದನ್ನೇ ಕಲಿಸುವ ಬಗೆ ನೋಡಿ. ನಮಗೆ ಅದು ಒಂದು ಕೆಲಸ, ಮಗುವಿಗೆ ಏಳು: ನಳ ತಿರುಗಿಸು, ಕೈ ಒದ್ದೆ ಮಾಡು, ಸಾಬೂನು ಹಚ್ಚು, ಉಜ್ಜು, ತೊಳೆ, ನಳ ಬಂದ್ ಮಾಡು, ಒರೆಸು. ಮೊದಲ ಆರನ್ನೂ ಹಿಂದೆ ನಿಂತು ಕೈಹಿಡಿದು ಮಾಡಿಸಿ, ಕೊನೆಯ ‘ಒರೆಸು’ ಮಾತ್ರ ಅದಕ್ಕೇ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಹೀಗೆ ತುದಿಯಿಂದ ಹಿಂದಕ್ಕೆ ಬಂದರೆ ಪ್ರತಿ ಸಲವೂ ಕೆಲಸ ಮುಗಿಸಿದ ತೃಪ್ತಿ ಮಗುವಿನದೇ. ಸಹಾಯ ಇಳಿಸುವಾಗ ಮುಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಬರೀ ಬೆರಳಿನ ಸನ್ನೆಗೆ ಇಳಿಸಬೇಕು. “ಹ್ಞಾಂ, ಈಗ ಸಾಬೂನು... ಉಜ್ಜು...” ಎಂದು ಪಕ್ಕದಲ್ಲಿ ನಿಂತು ಹೇಳುವ ಅಭ್ಯಾಸ ಬೇಡ. ಎಲ್ಲಕ್ಕಿಂತ ಬಿಡಿಸಲು ಕಷ್ಟವಾದ ಸಹಾಯ ಅದೇ. ನೀರು ಹರಿಯುತ್ತಿದ್ದರೂ ನಮ್ಮ ಮಾತಿಗಾಗಿ ಕಾಯುತ್ತ ನಿಂತ ಮಕ್ಕಳು ಇದರಿಂದಲೇ ತಯಾರಾಗುತ್ತಾರೆ.

ಸಹಪಾಠಿಗಳ ನೆರವಿಗೂ ಒಳ್ಳೆಯ ಪುರಾವೆ ಇದೆ. ಆದರೆ ತರಗತಿಯ ಜಾಣೆ ಹುಡುಗಿಯೊಬ್ಬಳಿಗೆ “ಇವನ್ನ ನೀನ ನೋಡ್ಕೋವಾ” ಎಂದು ವರ್ಷಪೂರ್ತಿ ಒಪ್ಪಿಸುವುದು ನೆರವಲ್ಲ, ಆ ಹುಡುಗಿಗೆ ಅನ್ಯಾಯ. ಮೂವರು ನಾಲ್ವರನ್ನು ಸರದಿಯಲ್ಲಿ ಇಡಿ. ಹತ್ತಿರ ಹೋಗಿ ಹೆಸರು ಹಿಡಿದು ಕರೆ, ಆಟದ ಸಾಮಾನು ಚಾಚು, ಸ್ವಲ್ಪ ಹೊತ್ತು ಕಾಯು, ಇಷ್ಟು ಕಲಿಸಿ. ಸರದಿ ಸ್ಪಷ್ಟವಾಗಿರುವ ಚೌಕಾಬಾರದಂಥ ಆಟ ಹತ್ತು ಹದಿನೈದು ನಿಮಿಷ ಸಾಕು. ಖಾಸಗಿ ಶಾಲೆಗಳು ತಂದೆ–ತಾಯಿಯ ಖರ್ಚಿನಲ್ಲಿ ಇರಿಸಿಕೊಳ್ಳುವ ಸಹಾಯಕರಿಗೂ ಇದೇ ಮಾತು: ಮಗುವಿಗೆ ಅಂಟಿ ಕೂಡಬಾರದು, ಒಂದು ಮೊಳ ಹಿಂದೆ ಸರಿದು ಕೂಡಬೇಕು. ನಡುವೆ ದೊಡ್ಡವರು ಕೂತಲ್ಲಿ ಬೇರೆ ಮಕ್ಕಳು ಬರುವುದಿಲ್ಲ.

ಪುರಾವೆಯ ಮಾತು ಬಂದಾಗ ಇದನ್ನೂ ಹೇಳಲೇಬೇಕು. ಆಟಿಸಂ ‘ಗುಣಪಡಿಸುವ’ ಸ್ಟೆಮ್ ಸೆಲ್ ಚಿಕಿತ್ಸೆಗೆ ಹೊಲ ಮಾರಿ ಹಣ ಹೊಂದಿಸಬೇಡಿ. ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದಿದೆ. ಲಸಿಕೆಯಿಂದ ಆಟಿಸಂ ಬರುವುದಿಲ್ಲ.

ಅಂಗವೈಕಲ್ಯದ ಪ್ರಮಾಣಪತ್ರದ ವಿಚಾರ ಚುಟುಕಾಗಿ. 40 ಅಂಶಗಳ ಭಾರತೀಯ ಮಾಪಕದಿಂದ ಆಟಿಸಂ ಅಳೆಯುತ್ತಾರೆ, 40% ಮತ್ತು ಮೇಲ್ಪಟ್ಟದ್ದು ಸೌಲಭ್ಯಗಳಿಗೆ ಬೇಕಾದ ಮಟ್ಟ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ನಂಥ ಸಂಸ್ಥೆ ಇರುವುದು ನಮ್ಮ ಭಾಗದ ಪುಣ್ಯ. ಕೇಂದ್ರದ ಮಾರ್ಗಸೂಚಿ ಪ್ರಕಾರ ಬರವಣಿಗೆಯ ಪರೀಕ್ಷೆಯಲ್ಲಿ ತಾಸಿಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಿಗಬೇಕು. ಆದರೆ ಚಿತ್ರಪಟ್ಟಿ ಹಚ್ಚಲು, ಮಾತು ಕಡಿಮೆ ಮಾಡಲು ಯಾವ ಪ್ರಮಾಣಪತ್ರವೂ ಬೇಕಿಲ್ಲ. “ಮೊದಲ ಸರ್ಟಿಫಿಕೇಟ್ ತರ್ರಿ, ಆಮ್ಯಾಲ ನೋಡೂಣು” ಎನ್ನುವಷ್ಟರಲ್ಲಿ ಮಗುವಿನ ಒಂದು ವರ್ಷ ಕಳೆದಿರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಭೇದವಿಲ್ಲದ ಪ್ರವೇಶದ ಮಾತು ಅದರ 16ನೇ ಕಲಮಿನಲ್ಲಿದೆ.

ಈಗ ನಮ್ಮ ಬೇಡಿಕೆ. ಶಿಕ್ಷಣ ಇಲಾಖೆಯ ಧಾರವಾಡದ ಅಪರ ಆಯುಕ್ತರ ಕಚೇರಿ ಮತ್ತು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳು ಒಂದು ದಿನದ ಸಭಾಂಗಣ ತರಬೇತಿಯನ್ನೇ ಸಾಧನೆ ಎಂದು ಬರೆದುಕೊಳ್ಳುವುದನ್ನು ನಿಲ್ಲಿಸಲಿ. ಕೇಳಿ ಬಂದ ಕೌಶಲ ತರಗತಿಗೆ ಇಳಿಯುವುದಿಲ್ಲ. ಹೇಳಿ, ಮಾಡಿ ತೋರಿಸಿ, ಅವರಿಂದ ಮಾಡಿಸಿ, ಅಲ್ಲೇ ತಿದ್ದಬೇಕು. ಅಂಗವಿಕಲ ಮಕ್ಕಳನ್ನು ಎಲ್ಲರ ಜೊತೆ ಕಲಿಸುವ ಸಮನ್ವಯ ಶಿಕ್ಷಣಕ್ಕೆಂದು ತಾಲ್ಲೂಕಿಗೆ ನೇಮಿಸಿದ ಬಿಐಇಆರ್‌ಟಿ ಶಿಕ್ಷಕರು ಶಾಲೆಗೆ ಬಂದರೆ ಹಾಜರಿ ಬರೆದು ಹೊರಡುವಂತಾಗಬಾರದು, ಅರ್ಧ ದಿನ ಆ ತರಗತಿಯಲ್ಲೇ ಕೂಡಲಿ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ಬರಲಿ, ಮೇಲೆ ಹೇಳಿದ ನಾಲ್ಕು ಖಾನೆಯ ಪುಸ್ತಕ ತಪಾಸಿಸಲಿ. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಜನರಿಂದ ಇದು ಆಗದು ಎಂಬುದು ನಮಗೂ ಗೊತ್ತು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯದ 10 ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂದು ಕೇಂದ್ರ 2022ರಲ್ಲೇ ಅಧಿಸೂಚನೆ ಹೊರಡಿಸಿದೆ. ಹುದ್ದೆ ಗುರುತಿಸಿ ತುಂಬಿ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ನಮ್ಮ ಶಾಸಕರು ಸದನದಲ್ಲಿ ಕೇಳಬೇಕಾದ ಲೆಕ್ಕ ಇದು.

ಹುದ್ದೆ ತುಂಬುವವರೆಗೆ ಕಾಯದೆ ಮಾಡಬಹುದಾದದ್ದೊಂದಿದೆ. ಮುಂದೆ ದಸರಾ ರಜೆ ಬರುತ್ತದೆ. ರಜೆ ಮುಗಿದ ಮೊದಲ ದಿನ ಈ ಮಕ್ಕಳಿಗೆ ಜೂನ್ ತಿಂಗಳು ಮತ್ತೆ ಬಂದ ಹಾಗೆ. ರಜೆಯ ಹಿಂದಿನ ವಾರವೇ ಒಂದು ಹಾಳೆಯಲ್ಲಿ ರಜೆಯ ದಿನಗಳಷ್ಟು ಚೌಕ, ಜೊತೆಗೆ ಶಾಲೆ ತೆರೆಯುವ ದಿನಕ್ಕೆ ಇನ್ನೊಂದು ಚೌಕ ಹಾಕಿ, ಬನ್ನಿ ಕೊಡುವ ದಿನದ ಚೌಕದಲ್ಲಿ ಬನ್ನಿ ಎಲೆಯ ಚಿತ್ರ, ಊರಿಗೆ ಹೋಗುವ ದಿನಕ್ಕೆ ಬಸ್ಸಿನ ಚಿತ್ರ, ಕೊನೆಯ ಚೌಕದಲ್ಲಿ ಶಾಲೆಯ ಗೇಟಿನ ಮತ್ತು ಅಕ್ಕೋರ ಫೋಟೊ ಅಂಟಿಸಿ ಮನೆಗೆ ಕಳಿಸಿ. ದಿನಾ ರಾತ್ರಿ ಮಲಗುವ ಮುಂದ ಮಗುವೇ ಒಂದು ಚೌಕಕ್ಕೆ ಗೀಟು ಹಾಕಲಿ.

ಇಂತಿ,
ಹುಬ್ಬಳ್ಳಿ–ಧಾರವಾಡದ ಕೆಲವು ವಿಶೇಷ ಶಿಕ್ಷಕರು ಮತ್ತು ವಾಕ್ ಚಿಕಿತ್ಸಕರು